ಕಟ್ಟಡದ ಸಾಮಾನೂ ಗಡುವಿನ ಲೆಕ್ಕವೂ

ಕಾಸರಗೋಡಿನವರಾದ ನಮಗೆ ಜೂನ್ ತಿಂಗಳ ಮೊದಲನೆಯ ದಿನವು ಎರಡು ಕಾರಣಗಳಿಂದ ಮುಖ್ಯವಾದುದು. ಬೇಸಿಗೆಯ ರಜೆಯು ಕಳೆದು ಶಾಲೆಗಳು ತೆರೆಯುವ ಕಾಲವದು. ನೈಋತ್ಯ ಮಾರುತದ ಮಳೆಯು ಕೇರಳದ ಕರಾವಳಿಯನ್ನು ಮುಟ್ಟುವ ವಾಡಿಕೆಯ ದಿನವೂ ಅದೇ. ಆದುದರಿಂದ ರಜೆಯ ಅವಧಿಯಲ್ಲಿ ಶಾಲೆಯ ಕಟ್ಟಡಕ್ಕೆ ಕೈಹಚ್ಚಿದವರಿಗೆ ಆ ದಿನವು ದಾಟಲಾಗದ ಗೆರೆಯಂತಿರುವುದು. ಅಷ್ಟರೊಳಗೆ ಮಾಡು ಸಿದ್ಧವಾಗದಿದ್ದರೆ ಎರಡು ತರಗತಿಗಳನ್ನು ಒಂದೇ ಜಗಲಿಯಲ್ಲಿ ಕುಳ್ಳಿರಿಸಬೇಕಾಗುವುದು. ಒಂದು ತರಗತಿಯ ಮಗ್ಗಿಯು ಇನ್ನೊಂದು ತರಗತಿಯ ಪದ್ಯದೊಡನೆ ಬೆರೆಯುವುದು. ಮಳೆಯ ಸದ್ದು ಎರಡನ್ನೂ ನುಂಗುವುದು.

ಕೆಲಸವು ಏಕೆ ತಡವಾಯಿತೆಂದು ವಿಚಾರಿಸಿದರೆ, ಮೇಸ್ತ್ರಿಯ ಆಲಸ್ಯ, ಕೂಲಿಯವರ ಅಭಾವ, ಹಣದ ಮುಗ್ಗಟ್ಟು ಮುಂತಾದ ಕಾರಣಗಳನ್ನು ಕೇಳುತ್ತೇವೆ. ಆದರೆ ಪದೇ ಪದೇ ಕೇಳಿಬರುವ ಮಾತು ಒಂದುಂಟು: ‘ಸಾಮಾನು ಬರಲಿಲ್ಲ.’ ಈ ಮಾತನ್ನು ಆಡದಂತೆ ಕೆಲಸ ನಡೆಸುವುದು ಹೇಗೆ, ಅದಕ್ಕೆ ಇಂದಿನ ಗಣಕಯಂತ್ರಗಳು ಯಾವ ರೀತಿಯಲ್ಲಿ ನೆರವಾಗುತ್ತವೆ ಎಂಬುದನ್ನು ಈ ಪಾಠದಲ್ಲಿ ವಿಚಾರಮಾಡೋಣ. ಲೆಕ್ಕವೆಲ್ಲ ಪ್ರೌಢಶಾಲೆಯ ವಿದ್ಯಾರ್ಥಿಗಳು ಮಾಡಬಹುದಾದಷ್ಟೇ ಇದೆ. ಗುತ್ತಿಗೆ, ಅಂಗಡಿ, ಲಾರಿಗಳ ವ್ಯವಹಾರವುಳ್ಳ ಪೋಷಕರಿಗೂ ಇದು ಉಪಯೋಗಕ್ಕೆ ಬಂದೀತು.

೧. ಬೇಗನೆ ತಂದರೆ ಆಗದೆ?

‘ಎಲ್ಲ ಸಾಮಾನನ್ನೂ ಮೊದಲೇ ತಂದು ರಾಶಿಹಾಕಿದರೆ ತೀರಿತಲ್ಲ’ ಎಂದು ಯಾರಿಗಾದರೂ ತೋರಬಹುದು. ಕಟ್ಟಡದ ಸಾಮಾನುಗಳ ಸ್ವಭಾವವನ್ನು ತಿಳಿದವರು ಹೀಗೆ ಹೇಳಲಾರರು. ಸಿಮೆಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವುದು; ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದ ಸಿಮೆಂಟನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು. ಕಬ್ಬಿಣದ ಸರಳು ಬಯಲಲ್ಲಿ ಬಿದ್ದಿದ್ದರೆ ತುಕ್ಕು ಹಿಡಿಯುವುದು. ಹೊಯಿಗೆಯ ರಾಶಿಯು ಶಾಲೆಯ ಅಂಗಳವನ್ನೆಲ್ಲ ಆಕ್ರಮಿಸುವುದು. ಇವೆಲ್ಲಕ್ಕಿಂತ ಮಿಗಿಲಾಗಿ, ಮೊದಲೇ ಕೊಂಡ ಸಾಮಾನಿನಲ್ಲಿ ಹಣವು ಕಟ್ಟಿಬಿದ್ದು, ಇಂದಿನ ಕೂಲಿಗೆ ಕಾಸಿಲ್ಲದಂತಾಗುವುದು.

ಕೆಲವು ಸಾಮಾನುಗಳನ್ನಂತೂ ಮೊದಲೇ ತರುವ ಮಾತೇ ಇಲ್ಲ. ಕಾರ್ಖಾನೆಯಲ್ಲಿ ಕಲಸಿ ತಿರುಗುವ ಪೀಪಾಯಿಯ ಲಾರಿಯಲ್ಲಿ ತರುವ ಸಿದ್ಧ ಕಾಂಕ್ರೀಟನ್ನು ಸಾಮಾನ್ಯವಾಗಿ ಎರಡು ಗಂಟೆಗಳೊಳಗೆ ತಲುಪಿಸಿ ಇಳಿಸತಕ್ಕದ್ದೆಂದು ಭಾರತೀಯ ಮಾನಕವು ವಿಧಿಸಿದೆ. ಅಲ್ಲಿ ಗಡುವನ್ನು ದಿನಗಳಲ್ಲಿ ಅಲ್ಲ, ನಿಮಿಷಗಳಲ್ಲಿ ಎಣಿಸಬೇಕು.

ಹೀಗೆ ತಡವಾಗಿ ಬಂದರೂ ನಷ್ಟ, ಅತಿ ಬೇಗನೆ ಬಂದರೂ ನಷ್ಟ. ಬೇಕಾದ ವಸ್ತು, ಬೇಕಾದಷ್ಟು, ಬೇಕಾದ ಹೊತ್ತಿಗೆ ಬರಬೇಕು.

೨. ಒಂದು ಪ್ರಸಿದ್ಧ ನಿದರ್ಶನ

ಈ ಕಲೆಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ೧೦೨ ಅಂತಸ್ತುಗಳ ಎಂಪೈರ್ ಸ್ಟೇಟ್ ಕಟ್ಟಡದ ಕೆಲಸವು ೧೯೩೦ನೆಯ ಮಾರ್ಚ್ ೧೭ರಂದು ಮೊದಲಾಗಿ, ೧೯೩೧ನೆಯ ಮೇ ೧ರಂದು ಕಟ್ಟಡವು ತೆರೆಯಲ್ಪಟ್ಟಿತು. ಹಿಡಿದ ಕಾಲ ೪೧೦ ದಿನಗಳು. ಸುಮಾರು ೫೭,೦೦೦ ಟನ್ನು ಉಕ್ಕೂ ಒಂದು ಕೋಟಿ ಇಟ್ಟಿಗೆಗಳೂ ಅದಕ್ಕೆ ಬೇಕಾದುವು. ಕಟ್ಟಡವಿದ್ದುದು ನಗರದ ನಟ್ಟನಡುವೆ. ಬೀದಿಯಲ್ಲಿ ಸಾಮಾನು ರಾಶಿಹಾಕಲು ತಾಣವಿರಲಿಲ್ಲ.

ಆದುದರಿಂದ ಗುತ್ತಿಗೆದಾರರು ಪ್ರತಿಯೊಂದು ಲಾರಿಯೂ ಬರಬೇಕಾದ ವೇಳೆಯನ್ನು ಮೊದಲೇ ಗೊತ್ತುಪಡಿಸಿದರು. ಪಿಟ್ಸ್‌ಬರ್ಗ್ ಕಡೆಯ ಕಾರ್ಖಾನೆಗಳಲ್ಲಿ ಉಕ್ಕಿನ ತೊಲೆಗಳ ಮೇಲೆ ಅವು ಸೇರತಕ್ಕ ಸ್ಥಳದ ಗುರುತನ್ನು ಬರೆದಿರುತ್ತಿದ್ದರು. ಅವು ಬಂದ ಕೂಡಲೇ ಮೇಲಕ್ಕೇರಿ ತಮ್ಮ ಸ್ಥಾನಗಳನ್ನು ಸೇರುತ್ತಿದ್ದವು. ಇಟ್ಟಿಗೆಗಳು ಲಾರಿಯಿಂದ ಜಾರುಗಾಲುವೆಯ ಮೂಲಕ ನೆಲಮಾಳಿಗೆಯ ತೊಟ್ಟಿಗೆ ಬಿದ್ದು, ಅಲ್ಲಿಂದ ಪುಟ್ಟ ಬಂಡಿಗಳಲ್ಲಿ ಮೇಲೇರಿ, ಹಳಿಗಳ ಮೇಲೆ ಗಾರೆಯವನ ಬಳಿಗೇ ಹೋಗುತ್ತಿದ್ದವು. ಇದೆಲ್ಲವೂ ಕಾಗದ, ಪೆನ್ಸಿಲು, ದೂರವಾಣಿಗಳ ಬಲದಿಂದ ನಡೆಯಿತು. ಆದರೆ ಆ ಕಾಗದವನ್ನು ದಿನದಿನವೂ ಸರಿಯಾಗಿ ತುಂಬುವ ಗುಮಾಸ್ತರ ದೊಡ್ಡ ಪಡೆಯೇ ಬೇಕಾಗಿತ್ತು. ಇಂದು ಆ ಪಡೆಯ ಕೆಲಸದ ಬಹುಭಾಗವನ್ನು ತಂತ್ರಾಂಶವು ಮಾಡುತ್ತದೆ.

೩. ತಂತ್ರಾಂಶವೆಂದರೇನು?

ಗಣಕಯಂತ್ರಕ್ಕೆ ‘ಹೀಗೆ ಮಾಡು’ ಎಂದು ಬರೆದುಕೊಟ್ಟ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ವ್ಯವಹಾರ ನಿರ್ವಹಣೆಯ ತಂತ್ರಾಂಶದಲ್ಲಿ ಖರೀದಿ, ಉಗ್ರಾಣ, ಹಣ, ಕೆಲಸದ ವೇಳಾಪಟ್ಟಿ ಇವು ನಾಲ್ಕೂ ಒಂದೇ ಲೆಕ್ಕದಲ್ಲಿ ಹೆಣೆದುಕೊಂಡಿರುತ್ತವೆ. ಒಂದೆಡೆ ಬರೆದುದು ಉಳಿದ ಮೂರೆಡೆಗಳಲ್ಲಿಯೂ ಆ ಕ್ಷಣವೇ ಕಾಣಿಸುವುದು.

ಇದು ಒಂದೇ ದಿನದಲ್ಲಿ ರೂಪುಗೊಂಡುದಲ್ಲ. ೧೯೫೭ರ ಸುಮಾರಿಗೆ ಡ್ಯೂಪಾಂಟ್ ಸಂಸ್ಥೆಯ ಮಾರ್ಗನ್ ವಾಕರ್, ರೆಮಿಂಗ್ಟನ್ ರ್ಯಾಂಡ್ ಸಂಸ್ಥೆಯ ಜೇಮ್ಸ್ ಕೆಲಿ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಗಣಿತಕ್ರಮವನ್ನು ರಚಿಸಿದರು. ಕೆಲಸಗಳ ಸರಣಿಗಳಲ್ಲಿ ಒಂದು ದಿನದ ಬಿಡುವೂ ಇಲ್ಲದ ಸರಣಿ ಯಾವುದೆಂಬುದನ್ನು ಅದು ಕಂಡುಹಿಡಿಯುವುದು. ಇದಕ್ಕೆ ನಿರ್ಣಾಯಕ ಪಥವೆನ್ನುತ್ತಾರೆ. ೧೯೬೪ರ ಸುಮಾರಿಗೆ ಜೋಸೆಫ್ ಆರ್ಲಿಕಿ ಎಂಬವರು, ಸಿದ್ಧವಾಗಬೇಕಾದ ವಸ್ತುವಿನ ದಿನದಿಂದ ಹಿಂದಕ್ಕೆ ಎಣಿಸಿ ಬಿಡಿಸಾಮಾನುಗಳನ್ನು ತರಿಸುವ ಲೆಕ್ಕವನ್ನು ಗಣಕಯಂತ್ರಕ್ಕೆ ಅಳವಡಿಸಿದರು. ೧೯೭೨ರಲ್ಲಿ ಜರ್ಮನಿಯಲ್ಲಿ ಐವರು ಇಂಜಿನಿಯರುಗಳು ಸ್ಥಾಪಿಸಿದ ಎಸ್‌ಎಪಿ ಸಂಸ್ಥೆಯು ದೊಡ್ಡ ಉದ್ಯಮಗಳಿಗೆ ಇಂತಹ ತಂತ್ರಾಂಶವನ್ನು ಒದಗಿಸಿತು. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಆರಂಭ ೧೯೮೬ರಲ್ಲಿ. ಇಂದು ನಮ್ಮ ಪೇಟೆಗಳ ಅಂಗಡಿಗಳಲ್ಲಿಯೂ ಅದರ ಹೆಸರು ಸುಪರಿಚಿತ. ಮುಂಬಯಿಯಲ್ಲಿ ರಚಿತವಾದ ಇಆರ್‌ಪಿ ನೆಕ್ಸ್ಟ್‌ನಂತಹ, ಎಲ್ಲರೂ ಪಡೆದು ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶಗಳೂ ಉಂಟು.

ಹೆಸರುಗಳು ಹಲವಿದ್ದರೂ ಇವು ಕೇಳುವ ಪ್ರಶ್ನೆಗಳು ಮೂರೇ: ಎಷ್ಟು ಬೇಕು? ಯಾವಾಗ ಹೇಳಬೇಕು? ನಿಜವಾಗಿ ಎಷ್ಟಿದೆ? ಒಂದು ಕಲ್ಪಿತ ಉದಾಹರಣೆಯಿಂದ ಮೂರನ್ನೂ ನೋಡೋಣ.

೪. ಮೊದಲನೆಯ ಲೆಕ್ಕ: ಎಷ್ಟು ಬೇಕು?

ಒಂದು ಶಾಲೆಯಲ್ಲಿ ಎರಡು ಹೊಸ ಕೊಠಡಿಗಳಿಗೆ ಕೆಂಪುಕಲ್ಲಿನ ಗೋಡೆಗಳು ಎದ್ದಿವೆ ಎಂದು ಊಹಿಸೋಣ. ಪ್ರತಿಯೊಂದು ಕೊಠಡಿಯೂ ೬ ಮೀಟರು ಉದ್ದ, ೫ ಮೀಟರು ಅಗಲ. ಮೇಲೆ ಹನ್ನೆರಡೂವರೆ ಸೆಂಟಿಮೀಟರು ದಪ್ಪದ ಕಾಂಕ್ರೀಟಿನ ತಾರಸಿ. ಒಟ್ಟು ವಿಸ್ತೀರ್ಣ ೬೦ ಚದರ ಮೀಟರು. ದಪ್ಪದಿಂದ ಗುಣಿಸಿದರೆ ೭.೫ ಘನಮೀಟರು.

ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಹೊಯಿಗೆ, ಮೂರು ಪಾಲು ಜಲ್ಲಿ ಎಂಬ ಮಿಶ್ರಣದಲ್ಲಿ ಒಂದು ಘನಮೀಟರಿಗೆ ೫೦ ಕಿಲೋಗ್ರಾಮಿನ ಸುಮಾರು ೮ ಚೀಲ ಸಿಮೆಂಟು ಬೇಕು. ಏಳೂವರೆ ಘನಮೀಟರಿಗೆ ೬೦ ಚೀಲ. ಪೋಲಾಗುವುದಕ್ಕೆಂದು ೩ ಸೇರಿಸಿದರೆ ೬೩. ಹೊಯಿಗೆ ಸುಮಾರು ೩.೧೫ ಘನಮೀಟರು, ಜಲ್ಲಿ ಅದರ ಎರಡರಷ್ಟು.

ಸರಳುಗಳ ತೂಕಕ್ಕೆ ಒಂದು ಸುಲಭ ಸೂತ್ರವುಂಟು. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದು, ಅದರ ವರ್ಗವನ್ನು ೧೬೨ರಿಂದ ಭಾಗಿಸಿದರೆ ಒಂದು ಮೀಟರಿನ ತೂಕವು ಕಿಲೋಗ್ರಾಮಿನಲ್ಲಿ ದೊರೆಯುವುದು. ೧೨ ಮಿಲಿಮೀಟರಿನ ಸರಳಿಗೆ ೧೪೪ನ್ನು ೧೬೨ರಿಂದ ಭಾಗಿಸಿ ೦.೮೯ ಕಿಲೋಗ್ರಾಮು. ಇಂತಹ ಸೂತ್ರಗಳನ್ನು ಒಮ್ಮೆ ತಂತ್ರಾಂಶದಲ್ಲಿ ಬರೆದಿಟ್ಟರೆ, ನಕ್ಷೆಯ ಅಳತೆಗಳನ್ನು ಕೊಟ್ಟೊಡನೆ ಸಾಮಾನಿನ ಪಟ್ಟಿಯು ಸಿದ್ಧವಾಗುವುದು. ಪಟ್ಟಿಯಲ್ಲಿ ಸಣ್ಣ ವಸ್ತುಗಳೂ ಇರಬೇಕು. ವಿದ್ಯುತ್ತಿನ ತಂತಿ ಹಾಯಿಸುವ ಕೊಳವೆಗಳನ್ನು ಕಾಂಕ್ರೀಟು ಸುರಿಯುವ ಮೊದಲೇ ಸರಳುಗಳ ನಡುವೆ ಕೂರಿಸಬೇಕು. ಅದು ಅಗ್ಗದ ಸಾಮಾನು; ಆದರೆ ಅದಿಲ್ಲದಿದ್ದರೆ ತಾರಸಿಯ ಕೆಲಸವೇ ನಿಲ್ಲುವುದು.

೫. ಎರಡನೆಯ ಲೆಕ್ಕ: ಯಾವಾಗ ಹೇಳಬೇಕು?

ಈಗ ಜೂನ್ ೧ರಿಂದ ಹಿಂದಕ್ಕೆ ನಡೆಯೋಣ. ಮೇ ೩೦, ೩೧ ಎರಡು ದಿನಗಳನ್ನು ಆಪತ್ತಿಗೆಂದು ಕಾದಿರಿಸೋಣ. ಒಳಗಿನ ಸಾರಣೆ, ನೆಲ, ವಿದ್ಯುತ್ತು, ಬಣ್ಣ ಇವುಗಳಿಗೆ ೨೦ ದಿನಗಳು, ಎಂದರೆ ಮೇ ೧೦ರಿಂದ ೨೯ರವರೆಗೆ. ಮೇ ೯ರಂದು ತಾರಸಿಯ ಅಡಿಯ ಆಧಾರದ ಕಂಬಗಳನ್ನು ತೆಗೆಯಬೇಕು. ನಾಲ್ಕೂವರೆ ಮೀಟರಿಗಿಂತ ಅಗಲವಾದ ತಾರಸಿಗೆ ಈ ಆಧಾರವು ೧೪ ದಿನಗಳಾದರೂ ಇರತಕ್ಕದ್ದು. ಆದುದರಿಂದ ಕಾಂಕ್ರೀಟು ಸುರಿಯುವ ದಿನ ಏಪ್ರಿಲ್ ೨೫. ಅದಕ್ಕೆ ಮೊದಲು ಹಲಗೆ ಕೂರಿಸಿ ಸರಳು ಕಟ್ಟಲು ೧೦ ದಿನಗಳು. ಸರಳು ಏಪ್ರಿಲ್ ೧೫ಕ್ಕೆ ಬಂದಿರಬೇಕು. ಅಂಗಡಿಯವರಿಗೆ ಹೇಳಿದ ಮೇಲೆ ಬರಲು ೭ ದಿನಗಳೆಂದು ಎಣಿಸಿದರೆ ಏಪ್ರಿಲ್ ೮ಕ್ಕೆ ಹೇಳಬೇಕು. ದರ ವಿಚಾರಿಸಿ, ಸಮಿತಿಯ ಒಪ್ಪಿಗೆ ಪಡೆದು, ಹಣ ಹೊಂದಿಸಲು ೪ ದಿನಗಳು. ಅಲ್ಲಿಗೆ ಏಪ್ರಿಲ್ ೪ಕ್ಕೆ ಬಂದು ನಿಂತೆವು.

ಜೂನ್ ೧ರ ಗಡುವು ನಿಜವಾಗಿ ಬೀಳುವುದು ೫೮ ದಿನಗಳ ಹಿಂದೆ, ಏಪ್ರಿಲ್ ೪ರಂದು! ಆ ದಿನ ಸಮಿತಿಯವರು ‘ಇನ್ನೂ ಎರಡು ತಿಂಗಳಿದೆಯಲ್ಲ’ ಎಂದುಕೊಂಡು ಕಳೆದ ಒಂದು ವಾರವನ್ನು ಮೇ ತಿಂಗಳಲ್ಲಿ ರಾತ್ರಿಯೆಲ್ಲ ದುಡಿದರೂ ಮರಳಿ ಪಡೆಯುವುದು ಕಷ್ಟ. ಕಾಂಕ್ರೀಟಿಗೆ ನಮ್ಮ ಅವಸರ ತಿಳಿಯದು.

ಎಲ್ಲ ಸಾಮಾನೂ ಇಷ್ಟು ಬಿಗಿಯಾದುದಲ್ಲ. ಕಿಟಕಿಗಳು ಮೇ ೧೦ಕ್ಕೆ ಸಾಕು. ಮಾಡಲು ೧೫ ದಿನ ಬೇಕಾದರೆ ಏಪ್ರಿಲ್ ೨೫ರವರೆಗೂ ಹೇಳಬಹುದು. ಯಾವುದಕ್ಕೆ ಬಿಡುವಿದೆ, ಯಾವುದಕ್ಕಿಲ್ಲ ಎಂಬುದನ್ನು ತಂತ್ರಾಂಶವು ಬಣ್ಣದ ಗುರುತುಗಳಿಂದ ತೋರಿಸಬಲ್ಲುದು. ಬಿಡುವಿಲ್ಲದ ಸಾಮಾನಿನ ಕಡೆಗೇ ಮೊದಲು ಕಣ್ಣಿಡಬೇಕು.

೬. ಮೂರನೆಯ ಲೆಕ್ಕ: ನಿಜವಾಗಿ ಎಷ್ಟಿದೆ?

ಉಗ್ರಾಣದಲ್ಲಿ ೫೦ ಚೀಲ ಸಿಮೆಂಟು ಇದೆ. ತಾರಸಿಗೆ ೬೩ ಬೇಕು. ಹಾಗಾದರೆ ೧೩ ಚೀಲ ತರಿಸಿದರೆ ಸಾಲದೆ? ಸಾಲದು. ಆ ೫೦ರಲ್ಲಿ ೨೪ ಚೀಲಗಳನ್ನು ಅದೇ ವಾರ ನಡೆಯತಕ್ಕ ಹೊರಗೋಡೆಯ ಸಾರಣೆಗೆಂದು ತೆಗೆದಿರಿಸಿದೆ. ಕೈಯಲ್ಲಿರುವುದು ೫೦; ಮೀಸಲಾದುದು ೨೪; ತಾರಸಿಗೆ ದೊರೆಯತಕ್ಕುದು ೨೬. ತರಿಸಬೇಕಾದುದು ೩೭.

ಬರಿಯ ದಾಸ್ತಾನು ಪುಸ್ತಕವನ್ನು ನೋಡಿ ೧೩ ಚೀಲ ತರಿಸಿದವನಿಗೆ ಏಪ್ರಿಲ್ ೨೫ರ ಮಧ್ಯಾಹ್ನ ೨೪ ಚೀಲಗಳ ಕೊರತೆ ಬೀಳುವುದು. ೨೪ ಚೀಲವೆಂದರೆ ೩ ಘನಮೀಟರು ಕಾಂಕ್ರೀಟು. ತಾರಸಿಯ ಐದು ಪಾಲಿನಲ್ಲಿ ಎರಡು ಪಾಲು ಖಾಲಿಯಾಗಿ ಉಳಿಯುವುದು. ಸುರಿದ ಭಾಗವು ಗಟ್ಟಿಯಾದ ಮೇಲೆ ಹೊಸದನ್ನು ಸೇರಿಸಿದರೆ ಬೆಸುಗೆಯು ಸರಿಯಾಗಿ ಕೂಡದು. ಮಳೆಗಾಲದಲ್ಲಿ ನೀರು ಸೋರುವುದು ಆ ಸಂದಿನಿಂದಲೇ. ಒಂದು ಕಳೆಯುವ ಲೆಕ್ಕದ ತಪ್ಪು ಹೀಗೆ ವರ್ಷಾನುವರ್ಷ ಮಕ್ಕಳ ತಲೆಯ ಮೇಲೆ ತೊಟ್ಟಿಕ್ಕುತ್ತಿರುವುದು.

ಇದನ್ನು ತಡೆಯುವುದಕ್ಕಾಗಿಯೇ ಒಳ್ಳೆಯ ತಂತ್ರಾಂಶದಲ್ಲಿ ಕೈಯಲ್ಲಿರುವುದು, ಮೀಸಲಾದುದು, ಬರಬೇಕಾದುದು ಎಂದು ಮೂರು ಕಲಮುಗಳಿರುತ್ತವೆ.

೭. ಗಡಿನಾಡಿನ ಎರಡು ಎಚ್ಚರಿಕೆಗಳು

ಮೊದಲನೆಯದು ಹೆಸರುಗಳ ವಿಷಯ. ನಾವು ಹೊಯಿಗೆ ಎನ್ನುವುದನ್ನು ಘಟ್ಟದ ಮೇಲಿನವರು ಮರಳು ಎನ್ನುವರು, ಮಲೆಯಾಳದಲ್ಲಿ ಅದು ಮಣಲ್, ಈ ಕಡೆಯ ಆಡುಮಾತಿನಲ್ಲಿ ಪೂಳಿ, ಬಿಲ್ಲಿನಲ್ಲಿ ಸ್ಯಾಂಡ್. ಮನುಷ್ಯನಿಗೆ ಇವೆಲ್ಲ ಒಂದೇ. ಯಂತ್ರಕ್ಕಾದರೋ ನಾಲ್ಕೈದು ಬೇರೆ ಬೇರೆ ವಸ್ತುಗಳು! ಒಬ್ಬನು ಒಂದು ಹೆಸರಿನಲ್ಲಿ ಬಂದುದನ್ನು ಬರೆದು, ಇನ್ನೊಬ್ಬನು ಇನ್ನೊಂದು ಹೆಸರಿನಲ್ಲಿ ಖರ್ಚನ್ನು ಬರೆದರೆ ಅಂಗಳದಲ್ಲಿಲ್ಲದ ರಾಶಿಯು ಲೆಕ್ಕದಲ್ಲಿ ಬೆಳೆಯುತ್ತ ಹೋಗುವುದು. ಇದಕ್ಕೆ ತದ್ವಿರುದ್ಧವಾಗಿ, ಹೊಳೆಯ ಹೊಯಿಗೆಯೂ ಕಲ್ಲು ಅರೆದು ಮಾಡಿದ ಎಂ-ಸ್ಯಾಂಡೂ ಬೇರೆ ಬೇರೆ ವಸ್ತುಗಳು; ಅವನ್ನು ಒಂದೇ ಹೆಸರಿನಲ್ಲಿ ಬರೆಯಬಾರದು. ಪ್ರತಿಯೊಂದು ವಸ್ತುವಿಗೂ ಒಂದೇ ಸಂಕೇತವಿರಲಿ. ಅದರೆದುರು ಉಗ್ರಾಣದವನು ಓದಬಲ್ಲ ಭಾಷೆಯಲ್ಲಿ ಹೆಸರಿರಲಿ. ಗಣಕಯಂತ್ರವು ಕನ್ನಡದ ಅಕ್ಷರಗಳನ್ನು ಚೆನ್ನಾಗಿ ಬಲ್ಲುದು. ಅಳತೆಯೂ ಒಂದೇ ಇರಬೇಕು. ಒಂದು ಘನಮೀಟರೆಂದರೆ ಸುಮಾರು ೩೫.೩ ಘನ ಅಡಿ. ‘ಒಂದು ಲೋಡು’ ಎಂಬುದು ಅಳತೆಯೇ ಅಲ್ಲ, ಲಾರಿಯಿಂದ ಲಾರಿಗೆ ಅದು ಬದಲಾಗುವುದು.

ಎರಡನೆಯದು ಗಡಿಯ ವಿಷಯ. ಮಂಗಳೂರು ನಮಗೆ ಕೇವಲ ೫೦ ಕಿಲೋಮೀಟರು ದೂರ. ಆದರೂ ಅಲ್ಲಿಂದ ಬರುವ ಸರಳು ರಾಜ್ಯದ ಗಡಿಯನ್ನು ದಾಟಿ ಬರತಕ್ಕುದು. ೨೦೧೮ನೆಯ ಏಪ್ರಿಲ್ ೧ರಿಂದ, ೫೦,೦೦೦ ರೂಪಾಯಿಗಿಂತ ಹೆಚ್ಚಿನ ಸರಕು ರಾಜ್ಯದಿಂದ ರಾಜ್ಯಕ್ಕೆ ಸಾಗುವಾಗ ಇ-ವೇ ಬಿಲ್ ಎಂಬ ಸಾಗಣೆಯ ಪತ್ರವು ಕಡ್ಡಾಯವಾಗಿದೆ. ಅದಕ್ಕೆ ಅವಧಿಯೂ ಉಂಟು. ಪತ್ರದಲ್ಲಿ ತಪ್ಪಿದ್ದರೆ ಒಂದು ಗಂಟೆಯ ದಾರಿಯು ಒಂದು ದಿನದ ದಾರಿಯಾದೀತು. ಖರೀದಿಯ ಲೆಕ್ಕವು ತಂತ್ರಾಂಶದಲ್ಲಿಯೇ ಇದ್ದರೆ ಅಂಗಡಿಯವರು ಅದೇ ಅಂಕಿಗಳಿಂದ ಈ ಪತ್ರವನ್ನು ಸಿದ್ಧಪಡಿಸಬಹುದು.

೮. ಯಂತ್ರಕ್ಕೆ ಸಾಧ್ಯವಿಲ್ಲದುದು

ಇಷ್ಟು ಹೇಳಿದ ಮೇಲೆ ತಂತ್ರಾಂಶವನ್ನು ಕೊಂಡುತಂದರೆ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ಅದು ಬರೆದುದನ್ನು ಮಾತ್ರ ಬಲ್ಲುದು.

ಏಪ್ರಿಲ್ ೧೮ರ ರಾತ್ರಿ ಬೇಸಿಗೆಯ ಮಳೆ ಸುರಿದು ಉಗ್ರಾಣದ ಮೂಲೆಯಲ್ಲಿದ್ದ ೬ ಚೀಲ ಸಿಮೆಂಟು ನೆನೆಯಿತೆನ್ನೋಣ. ಉಗ್ರಾಣದ ಹುಡುಗನು ಕಿಟಕಿ ಮುಚ್ಚಲು ಮರೆತಿದ್ದನು. ಸಿಮೆಂಟು ಮೂರು ದಿನಗಳಲ್ಲಿ ಬರತಕ್ಕುದಾದುದರಿಂದ ಮರುದಿನ, ೧೯ರಂದು, ಅಂಗಡಿಗೆ ಹೇಳಬೇಕಾಗಿತ್ತು. ಆ ಬೆಳಗ್ಗೆ ಅವನು ‘೬ ಚೀಲ ಕೆಟ್ಟಿತು’ ಎಂದು ಬರೆದರೆ ತಂತ್ರಾಂಶವು ೩೭ರ ಬದಲು ೪೩ ಎಂದು ತೋರಿಸುವುದು; ಆರು ಚೀಲದ ಹಣವಷ್ಟೇ ನಷ್ಟ. ಬೈಗುಳಕ್ಕೆ ಅಂಜಿ ಬರೆಯದಿದ್ದರೆ, ೨೫ರಂದು ನಲ್ವತ್ತು ಮಂದಿ ಕೆಲಸಗಾರರು ತಾರಸಿಯ ಮೇಲೆ ನಿಂತಿರುವಾಗ ಅದು ಬಯಲಾಗುವುದು. ಗಣಕಯಂತ್ರವು ಆವರೆಗೂ ‘ಸಿಮೆಂಟು ಸಾಕಷ್ಟಿದೆ’ ಎಂದೇ ಹೇಳುತ್ತಿರುವುದು. ತಪ್ಪು ಯಂತ್ರದ್ದಲ್ಲ.

ಇಲ್ಲಿ ಹುಡುಗನಿಗೆ ಮಾತ್ರ ಪಾಠವಿರುವುದಲ್ಲ. ಕೆಟ್ಟ ಸುದ್ದಿಯನ್ನು ಆ ದಿನವೇ ತಂದವನನ್ನು ಗದರಿಸುವ ಯಜಮಾನನು ಮುಂದೆ ಯಾರಿಂದಲೂ ನಿಜವನ್ನು ಕೇಳಲಾರನು. ನೂರು ತಂತ್ರಾಂಶಗಳಿದ್ದರೂ ಅವನು ಕುರುಡನೇ.

ಇನ್ನೊಂದು ಮಾತು. ಸರಳಿನ ಅಂಗಡಿಯವರು ಏಪ್ರಿಲ್ ೯ರಂದು ‘೧೫ಕ್ಕೆ ಆಗದು, ೧೯ಕ್ಕೆ ಬರುವುದು’ ಎಂದರೆನ್ನಿ. ಆ ತಾರೀಖನ್ನು ಬದಲಿಸಿದೊಡನೆ ತಂತ್ರಾಂಶವು ಮುಂದಿನ ದಿನಗಳನ್ನೆಲ್ಲ ನಾಲ್ಕು ದಿನ ಮುಂದೂಡಿ, ಕೆಲಸವು ಜೂನ್ ೨ಕ್ಕೆ ಮುಗಿಯುವುದೆಂದು ತೋರಿಸುವುದು. ಅಷ್ಟಕ್ಕೆ ಅದರ ಕೆಲಸವು ಮುಗಿಯಿತು. ಬೇರೆ ಅಂಗಡಿಯಲ್ಲಿ ವಿಚಾರಿಸುವುದೋ, ಸರಳು ಕಟ್ಟಲು ಇನ್ನಿಬ್ಬರನ್ನು ಸೇರಿಸುವುದೋ, ಒಂದು ಕೊಠಡಿಯನ್ನಾದರೂ ಮೊದಲು ಮುಗಿಸುವುದೋ ಎಂಬುದನ್ನು ಮನುಷ್ಯರು ಕೂಡಿ ಕುಳಿತು ನಿರ್ಧರಿಸಬೇಕು. ತಂತ್ರಾಂಶವು ಕೊಡುವ ಉಪಕಾರವೆಂದರೆ ವಿಚಾರಮಾಡಲು ಕಾಲಾವಕಾಶ. ೧೫ರಂದು ತಿಳಿಯುವುದಕ್ಕೂ ೯ರಂದೇ ತಿಳಿಯುವುದಕ್ಕೂ ಇರುವ ಅಂತರವು ಆರು ದಿನಗಳು. ಒಂದು ಕಟ್ಟಡವು ಉಳಿಯುವುದಕ್ಕೆ ಅಷ್ಟು ಸಾಕು.

೯. ಉಪಸಂಹಾರ

ಸಾಮಾನಿನ ಗಡುವು ಅದು ಬರಬೇಕಾದ ದಿನದಲ್ಲಿ ಇರುವುದಲ್ಲ. ನಾವು ಅದನ್ನು ಕೇಳಬೇಕಾದ ದಿನದಲ್ಲಿರುವುದು. ಆ ದಿನವನ್ನು ತಂತ್ರಾಂಶವು ಕಂಡುಹಿಡಿದು ಹೇಳಬಲ್ಲುದು. ಅದು ಹೇಳಿದುದು ನಿಜವಾಗಬೇಕಾದರೆ ನಾವು ಆ ದಿನದ್ದನ್ನು ಆ ದಿನವೇ, ಇದ್ದುದನ್ನು ಇದ್ದಂತೆಯೇ ಬರೆಯಬೇಕು. ಚಿಕ್ಕ ಕೆಲಸಗಳಿಗೆ ದೊಡ್ಡ ತಂತ್ರಾಂಶವೂ ಬೇಡ. ಗೆರೆ ಎಳೆದ ಒಂದು ನೋಟುಪುಸ್ತಕದಲ್ಲಿ ಇದೇ ಮೂರು ಲೆಕ್ಕಗಳನ್ನು ಮಾಡಿಕೊಳ್ಳಬಹುದು. ಕೆಲಸವು ದೊಡ್ಡದಾದಂತೆ ಯಂತ್ರದ ನೆರವು ಬೇಕಾಗುವುದು. ಆದರೆ ಅಭ್ಯಾಸವು ಅದೇ.

ವಿದ್ಯಾರ್ಥಿಗಳೇ, ಹಿಂದಕ್ಕೆ ಎಣಿಸುವ ಈ ವಿದ್ಯೆಯು ಕಟ್ಟಡಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮಾರ್ಚ್ ತಿಂಗಳ ಪರೀಕ್ಷೆಯ ನಿಜವಾದ ಗಡುವು ಯಾವ ತಿಂಗಳಲ್ಲಿ ಬೀಳುವುದೆಂಬುದನ್ನು ನೀವೇ ಲೆಕ್ಕಹಾಕಿ ನೋಡಿರಿ.

ಅಭ್ಯಾಸ

(ಅ) ೧೦ ಮಿಲಿಮೀಟರು ವ್ಯಾಸದ, ೧೨ ಮೀಟರು ಉದ್ದದ ೪೦ ಸರಳುಗಳ ತೂಕವೆಷ್ಟು?

(ಆ) ಮೇಲಿನ ಉದಾಹರಣೆಯಲ್ಲಿ ತಾರಸಿಯ ದಪ್ಪವನ್ನು ೧೫ ಸೆಂಟಿಮೀಟರಿಗೆ ಏರಿಸಿದರೆ, ಪೋಲಾಗುವುದನ್ನು ಬಿಟ್ಟು ಎಷ್ಟು ಚೀಲ ಸಿಮೆಂಟು ಬೇಕು? ೨೬ ಚೀಲ ದೊರೆಯುವಂತಿದ್ದರೆ ತರಿಸಬೇಕಾದುದೆಷ್ಟು?

(ಇ) ನಿಮ್ಮ ಮನೆಯಲ್ಲಿ ನಡೆಯಲಿರುವ ಒಂದು ಶುಭಕಾರ್ಯಕ್ಕೆ ಬೇಕಾದ ಐದು ವಸ್ತುಗಳನ್ನು ಬರೆದು, ಪ್ರತಿಯೊಂದನ್ನೂ ಯಾವ ದಿನ ಹೇಳಬೇಕೆಂಬುದನ್ನು ಹಿರಿಯರೊಡನೆ ಕುಳಿತು ಹಿಂದಕ್ಕೆ ಎಣಿಸಿರಿ. ಒಂದು ದಿನದ ಬಿಡುವೂ ಇಲ್ಲದ ವಸ್ತು ಯಾವುದೆಂದು ಗುರುತಿಸಿರಿ.